ಇರುವುದೂ ಇರಬೇಕಾದುದೂ

ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಶ್ರೀಮಠಕ್ಕೆ ಬರುವ ಭಕ್ತರು ತಮ್ಮ ಮಕ್ಕಳ ಮುಂದಿನ ವ್ಯಾಸಂಗವನ್ನು ಕುರಿತು ನಮ್ಮೊಡನೆ ವಿಚಾರ ಮಾಡುವುದು ವಾಡಿಕೆ. ವೈದ್ಯ, ಎಂಜಿನಿಯರಿಂಗ್, ವಾಣಿಜ್ಯಗಳ ಮಾತು ಮುಗಿದ ಮೇಲೆ ಕಡೆಯದಾಗಿ ಬಿ.ಎ. ಪದವಿಯ ಮಾತು ಬರುತ್ತದೆ. ಅದರಲ್ಲಿಯೂ ಹುಡುಗನೋ ಹುಡುಗಿಯೋ ಸಮಾಜಶಾಸ್ತ್ರವನ್ನು ಆರಿಸಿಕೊಂಡಿದ್ದರೆ ತಂದೆತಾಯಿಗಳ ಮುಖ ಬಾಡುತ್ತದೆ. ‘ಬೇರೆಲ್ಲಿಯೂ ಸೀಟು ದೊರೆಯದವರು ಓದುವ ವಿಷಯವಲ್ಲವೇ ಬುದ್ಧಿ’ ಎಂದು ಕೇಳುವವರಿದ್ದಾರೆ. ಹಿರಿಯರಾದ ಕೆಲವರು ಇನ್ನೊಂದು ಪ್ರಶ್ನೆಯನ್ನು ಸಂಕೋಚದಿಂದ ಮುಂದಿಡುತ್ತಾರೆ: ಧರ್ಮವನ್ನೂ ಕುಟುಂಬ, ಆಸ್ತಿ, ಸರ್ಕಾರಗಳಂತೆ ಒಂದು ಸಾಮಾಜಿಕ ಸಂಸ್ಥೆಯೆಂದು ಎಣಿಸುವ ಶಾಸ್ತ್ರವನ್ನು ಧರ್ಮಪೀಠದಲ್ಲಿ ಕುಳಿತಿರುವ ತಾವು ಹೇಗೆ ಓದಿದಿರಿ, ಓದಿ ಹೇಗೆ ಉಳಿದಿರಿ? ಎರಡು ಪ್ರಶ್ನೆಗಳಿಗೂ ಸಾವಧಾನವಾಗಿ ಉತ್ತರ ಹೇಳಬೇಕೆಂಬ ಇಚ್ಛೆ ಬಹುದಿನಗಳಿಂದ ಇತ್ತು. ಆ ಕಾರಣ ಈ ಕೆಲವು ಮಾತುಗಳು.

ಗುರುಕುಲದಲ್ಲಿ ನಮಗೆ ಮೊದಲು ದೊರೆತ ಶಿಕ್ಷಣ ಸಂಸ್ಕೃತ ವ್ಯಾಕರಣ, ಸಿದ್ಧಾಂತ ಶಿಖಾಮಣಿಯ ಪಾಠ, ವಚನ ವಾಙ್ಮಯದ ಅಭ್ಯಾಸ ಇವುಗಳದು. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ತಿರುಳನ್ನು ಬಲ್ಲವರ ಪಾದದ ಬಳಿ ಕುಳಿತು ಕೇಳುವ ಭಾಗ್ಯ ನಮ್ಮದಾಗಿತ್ತು. ಅದಾದ ಮೇಲೆ, 1989ರಲ್ಲಿ, ಲಿಂಗೈಕ್ಯ ಪೂಜ್ಯ ಗುರುಗಳು ಕಾಲೇಜಿಗೆ ಸೇರಬೇಕೆಂದು ಅಪ್ಪಣೆ ಮಾಡಿದರು. ಕನ್ನಡ ಮತ್ತು ಇತಿಹಾಸಗಳ ಜೊತೆಗೆ ಮೂರನೆಯ ಐಚ್ಛಿಕವಾಗಿ ಸಮಾಜಶಾಸ್ತ್ರವನ್ನು ತೆಗೆದುಕೊಳ್ಳಲು ಹೇಳಿದವರೂ ಅವರೇ. ಇದೇ ವಿಷಯವೇಕೆಂದು ನಾವು ಕೇಳಲಿಲ್ಲ, ಅವರೂ ವಿವರಿಸಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಹಿಂದಿನವರು ಸಾಧಿಸಿಟ್ಟುದನ್ನು ಕಲಿಯುವುದೇ ವಿದ್ಯೆಯಾಗಿತ್ತು. ಇಲ್ಲಿಯಾದರೋ, ನಾಳೆ ಬರುವಾಗ ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಇದ್ದಾರೆ, ಎಷ್ಟು ಮನೆಗಳಲ್ಲಿ ಬೇರೆಯಾಗಿದ್ದಾರೆ ಎಂಬುದನ್ನು ಬರೆದುಕೊಂಡು ಬನ್ನಿ ಎಂದು ಅಧ್ಯಾಪಕರು ಮೊದಲ ವಾರದಲ್ಲಿಯೇ ಹೇಳಿದರು. ಬೀದಿಯೂ ಒಂದು ಗ್ರಂಥವಾಗಬಹುದೆಂಬ ವಿಚಾರ ನಮಗೆ ಹೊಸದು.

ಈ ಶಾಸ್ತ್ರದ ಹುಟ್ಟನ್ನು ಅರಿತರೆ ಭಕ್ತರ ಶಂಕೆ ಅರ್ಧ ಪರಿಹಾರವಾದೀತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸ್ ದೇಶದ ಆಗಸ್ಟ್ ಕಾಂಟ್ ಇದಕ್ಕೆ ಹೆಸರನ್ನು ರೂಢಿಗೆ ತಂದರು. ಅದನ್ನು ಗಟ್ಟಿಯಾದ ಶಾಸ್ತ್ರವಾಗಿ ಕಟ್ಟಿದವರಲ್ಲಿ ಪ್ರಮುಖರು ಎಮಿಲ್ ಡರ್ಕ್‌ಹೈಮ್. 1858ರಲ್ಲಿ ಜನಿಸಿದ ಇವರ ತಂದೆ, ತಾತ ಇಬ್ಬರೂ ಯಹೂದಿ ಧರ್ಮಗುರುಗಳು. ಇವರೂ ಅದೇ ಪೀಠಕ್ಕೆ ಬರಬೇಕಾಗಿದ್ದವರು. ಧರ್ಮಗುರುಗಳ ಮನೆಯಲ್ಲಿ ಬೆಳೆದ ಈ ವ್ಯಕ್ತಿ ಮುಂದೆ, 1912ರಲ್ಲಿ ಪ್ರಕಟವಾದ ತಮ್ಮ ಗ್ರಂಥವೊಂದರಲ್ಲಿ, ಜನರನ್ನು ಒಂದು ನೈತಿಕ ಸಮುದಾಯವಾಗಿ ಹೆಣೆಯುವ ಶಕ್ತಿ ಧರ್ಮಕ್ಕಿದೆ ಎಂಬುದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ನಮ್ಮ ದೇಶದಲ್ಲಿ 1919ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಅವರ ನೇತೃತ್ವದಲ್ಲಿ ಈ ವಿಷಯದ ವಿಭಾಗ ಆರಂಭವಾಯಿತು. ಮೈಸೂರಿನಲ್ಲಿ ಎ.ಆರ್. ವಾಡಿಯಾ ಅವರ ಆಸಕ್ತಿಯಿಂದ 1928ರ ವೇಳೆಗೆ ಪದವಿ ತರಗತಿಗಳಲ್ಲಿ ಇದು ಕಾಲೂರಿತು. ಆ ಮಹಾರಾಜ ಕಾಲೇಜಿನ ಬೆಂಚುಗಳಲ್ಲಿ ಕುಳಿತು ಓದಿದವರೇ ಮುಂದೆ ಜಗದ್ವಿಖ್ಯಾತರಾದ ಎಂ.ಎನ್. ಶ್ರೀನಿವಾಸ್. ಹೀಗಿರುವಾಗ ಇದನ್ನು ದಾರಿ ಕಾಣದವರು ಹಿಡಿಯುವ ವಿದ್ಯೆಯೆಂದು ಕನ್ನಡನಾಡಿನಲ್ಲಿ ಯಾರೂ ಹೇಳಬಾರದು.

ಮೊದಲ ವರ್ಷ ನಮ್ಮನ್ನು ಬಹುವಾಗಿ ಚಿಂತನೆಗೆ ಹಚ್ಚಿದ್ದು ಡರ್ಕ್‌ಹೈಮರು 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯನ್ನು ಕುರಿತ ಅಧ್ಯಯನ. ಪ್ರಾಣವನ್ನು ನೀಗಿಕೊಳ್ಳುವುದಕ್ಕಿಂತ ವೈಯಕ್ತಿಕವಾದ ಕೃತ್ಯ ಇನ್ನೊಂದಿಲ್ಲವೆಂದು ನಾವೆಲ್ಲ ಭಾವಿಸುತ್ತೇವೆ. ಡರ್ಕ್‌ಹೈಮರಾದರೋ ಯುರೋಪಿನ ದೇಶಗಳ ಅಂಕಿಅಂಶಗಳನ್ನು ಹೋಲಿಸಿ, ಪ್ರಾಟೆಸ್ಟೆಂಟರಲ್ಲಿ ಹೆಚ್ಚು, ಕ್ಯಾಥೊಲಿಕರಲ್ಲಿ ಕಡಿಮೆ, ಅವಿವಾಹಿತರಲ್ಲಿ ಹೆಚ್ಚು, ಸಂಸಾರವಂದಿಗರಲ್ಲಿ ಕಡಿಮೆ ಎಂಬುದನ್ನು ತೋರಿಸಿ, ಮನುಷ್ಯನನ್ನು ಮನುಷ್ಯನಿಗೆ ಬಿಗಿದಿರುವ ಕಟ್ಟು ಸಡಿಲವಾದಲ್ಲಿ ಈ ಸಂಖ್ಯೆ ಏರುತ್ತದೆಂದು ನಿರ್ಣಯಿಸಿದರು. ಸಾಲದ ಹೊರೆ ತಾಳದೆ ರೈತನೊಬ್ಬ ಅಸುನೀಗಿದ ಮನೆಗೆ ಸಾಂತ್ವನ ಹೇಳಲು ಹೋಗುವ ಪ್ರಸಂಗ ಪೀಠಕ್ಕೆ ಬಂದ ಮೇಲೆ ನಮಗೆ ಹಲವು ಬಾರಿ ಒದಗಿದೆ. ಅಂತಹ ಮನೆಯಲ್ಲಿ ಕರ್ಮಸಿದ್ಧಾಂತವನ್ನು ಉಪದೇಶಿಸಲು ಮನಸ್ಸು ಬಾರದು. ಸಾಲ ಎಷ್ಟಿತ್ತು ಎಂಬುದರ ಜೊತೆಗೆ, ಸಾಲದ ಸಂಗತಿಯನ್ನು ಆತ ಯಾರೊಡನೆ ಹೇಳಿಕೊಳ್ಳಬಹುದಾಗಿತ್ತು, ಕಳೆದ ಆರು ತಿಂಗಳಲ್ಲಿ ಆ ಮನೆಯ ಬಾಗಿಲಿಗೆ ಯಾರು ಬಂದಿದ್ದರು ಎಂದು ವಿಚಾರಿಸುತ್ತೇವೆ. ಹೆಚ್ಚಿನ ಕಡೆಗಳಲ್ಲಿ ಯಾರೂ ಬಂದಿರುವುದಿಲ್ಲ. ಆದುದರಿಂದಲೇ ಮಳೆ ಕೈಕೊಟ್ಟ ವರ್ಷ ಮಠದ ಮರಿಗಳು ಹಳ್ಳಿಗಳಿಗೆ ಭಿಕ್ಷೆಗೆ ಹೋಗುವುದನ್ನು ನಿಲ್ಲಿಸಬಾರದೆಂದು ನಾವು ಕಟ್ಟಪ್ಪಣೆ ಮಾಡಿದ್ದೇವೆ. ಒಂದು ಹಿಡಿ ಧಾನ್ಯ ದೊರೆಯದಿದ್ದರೂ ಸರಿಯೆ, ಜಂಗಮನು ಬಾಗಿಲಲ್ಲಿ ನಿಂತು ಕ್ಷೇಮ ವಿಚಾರಿಸಿದಂತಾಗುತ್ತದೆ.

ಅಮೆರಿಕದ ರಾಬರ್ಟ್ ಮರ್ಟನ್ ಎಂಬ ವಿದ್ವಾಂಸರ ಒಂದು ವಿಚಾರವೂ ಆ ದಿನಗಳಲ್ಲಿಯೇ ನಮಗೆ ಪರಿಚಯವಾಯಿತು. ಯಾವುದೇ ಆಚರಣೆಗೆ ಎಲ್ಲರೂ ಬಲ್ಲ ಉದ್ದೇಶ ಒಂದಿದ್ದರೆ, ಮಾಡುವವರ ಗಮನಕ್ಕೂ ಬಾರದ ಪರಿಣಾಮಗಳು ಹಲವಿರುತ್ತವೆಂದು 1949ರಲ್ಲಿ ಅವರು ಬರೆದರು. ಮಳೆಗಾಗಿ ನರ್ತಿಸುವ ಹೋಪಿ ಬುಡಕಟ್ಟಿನವರ ದೃಷ್ಟಾಂತವನ್ನು ಅವರು ಕೊಡುತ್ತಾರೆ. ಮಳೆ ಬರಲಿ ಬಾರದಿರಲಿ, ಚದುರಿದ್ದ ಕುಲ ಒಂದೆಡೆ ಕೂಡುತ್ತದೆ. ಇದನ್ನು ಓದುವಾಗ ನಮ್ಮ ಮಠದ ರಥೋತ್ಸವವೇ ಕಣ್ಣ ಮುಂದೆ ಬಂದಿತು. ತೇರು ಎಳೆಯುವುದು ಕರ್ತೃ ಗದ್ದುಗೆಯ ಸ್ಮರಣೆಗಾಗಿ. ಆದರೆ ಆ ಮೂರು ದಿನಗಳಲ್ಲಿ ದನಗಳ ವ್ಯಾಪಾರವಾಗುತ್ತದೆ, ಹೆಣ್ಣುಗಂಡಿನ ಮಾತುಕತೆ ನಡೆಯುತ್ತದೆ, ಬದುವಿನ ಜಗಳದಿಂದ ಮಾತುಬಿಟ್ಟ ದಾಯಾದಿಗಳು ಒಂದೇ ಹಗ್ಗಕ್ಕೆ ಕೈಹಚ್ಚುತ್ತಾರೆ. ಇದನ್ನು ಅರಿತುದರಿಂದ ತೇರಿನ ಮೇಲಣ ನಮ್ಮ ಭಕ್ತಿ ಕುಂದಲಿಲ್ಲ. ಯಾವುದನ್ನು ಕಾಪಾಡಿಕೊಳ್ಳಬೇಕೆಂಬ ವಿವೇಕ ಮಾತ್ರ ಹೆಚ್ಚಿತು.

ಇಲ್ಲಿಯವರೆಗಿನದು ಸುಖದ ಪಾಠ. ಕಷ್ಟದ ಪಾಠ ಬಂದದ್ದು ಕಡೆಯ ವರ್ಷ. ಸಾಮಾಜಿಕ ಸಂಶೋಧನೆಯ ಪತ್ರಿಕೆಗಾಗಿ ಒಂದು ಹಳ್ಳಿಯನ್ನು ಸಮೀಕ್ಷಿಸಿ ವರದಿ ಬರೆಯಬೇಕಾಗಿತ್ತು. ಆರಿಸಿದ ಹಳ್ಳಿ ನಮ್ಮ ಮಠದ ಭಕ್ತರದೇ ಆಗಿತ್ತು. ನಾವು ಪ್ರಶ್ನಾವಳಿ ಹಿಡಿದು ಹೋದರೆ ಮನೆಯವರು ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ, ಗುರುವು ಕೇಳಿದರೆ ಹೇಗೆ ಹೇಳಬೇಕೋ ಹಾಗೆಯೇ ಉತ್ತರ ಹೇಳುತ್ತಿದ್ದರು. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ, ಮನೆಯಲ್ಲಿ ಭೇದಭಾವವಿಲ್ಲ, ಕುಡಿತವಿಲ್ಲ. ಕೇಳುವವನು ಯಾರೆಂಬುದರಿಂದ ಉತ್ತರವೇ ಬೇರೆಯಾಗುತ್ತದೆಂದು ಅಧ್ಯಾಪಕರು ತರಗತಿಯಲ್ಲಿ ಹೇಳಿದ್ದರು. ಕಾವಿಯ ಮುಂದೆ ಅದು ಹತ್ತು ಪಾಲು ನಿಜ. ಎರಡನೆಯ ದಿನ ಪ್ರಶ್ನಾವಳಿಯನ್ನು ಸಹಪಾಠಿಗಳಿಗೆ ಒಪ್ಪಿಸಿ ನಾವು ಊರ ಗುಡಿಯಲ್ಲಿ ಕುಳಿತು ಉತ್ತರಗಳನ್ನು ಕ್ರೋಡೀಕರಿಸುವ ಕೆಲಸ ಹಿಡಿದೆವು. ಸಂಜೆಗೆ ಬಂದ ಹಾಳೆಗಳು ಬೇರೆಯ ಮಾತನ್ನೇ ಹೇಳುತ್ತಿದ್ದವು. ಮಠದ ದಾಸೋಹದಲ್ಲಿ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುವ ಮನೆಗಳಲ್ಲಿಯೇ ಕೂಲಿಯಾಳಿಗೆ ಬೇರೆ ಲೋಟವಿತ್ತು. ಇಷ್ಟಲಿಂಗವನ್ನು ಧರಿಸಿದವರಲ್ಲಿಯೇ ಒಂದು ಒಳಪಂಗಡ ಇನ್ನೊಂದಕ್ಕೆ ಹೆಣ್ಣು ಕೊಡುತ್ತಿರಲಿಲ್ಲ. ಇದೇಕೆ ಹೀಗೆಂದು ಸಹಪಾಠಿ ಕೇಳಿದಾಗ ವೃದ್ಧೆಯೊಬ್ಬಳು, ‘ಅದು ಮಠದ ಮಾತು, ಇದು ಮನೆಯ ಮಾತು’ ಎಂದು ನಿರ್ವಿಕಾರವಾಗಿ ಹೇಳಿದಳಂತೆ. ಆಕೆಗೆ ಅದರಲ್ಲಿ ವಿರೋಧವೇನೂ ಕಂಡಿರಲಿಲ್ಲ.

ವರದಿಯನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಪೂಜ್ಯ ಗುರುಗಳ ಸನ್ನಿಧಿಯಲ್ಲಿ ಓದಿದೆವು. ಅಲ್ಲಿದ್ದ ಭಕ್ತರೊಬ್ಬರು, ಇಂತಹುದು ಹೊರಗೆ ಹೋಗುವುದು ಮಠಕ್ಕೆ ಶೋಭೆಯಲ್ಲವೆಂದು ಬಿನ್ನವಿಸಿದರು. ಗುರುಗಳು ಬಹಳ ಹೊತ್ತು ಸುಮ್ಮನಿದ್ದು, ಕಂಡದ್ದನ್ನು ಅಳಿಸಬೇಡಿರೆಂದರು. ಬಳಿಕ ಪ್ರಸಾದ ನಿಲಯದ ವ್ಯವಸ್ಥಾಪಕರನ್ನು ಕರೆಸಿ, ಹುಡುಗರಿಗೆ ಕೊಠಡಿಗಳನ್ನು ಹೇಗೆ ಹಂಚಿದ್ದೀರಿ ಎಂದು ಕೇಳಿದರು. ಆಯಾ ಕಡೆಯ ಹುಡುಗರು ತಮ್ಮ ತಮ್ಮವರೊಡನೆ ಇರಲು ಇಷ್ಟಪಡುತ್ತಾರೆಂದು ಅವರು ಹೇಳಿದರು. ಮರುವರ್ಷದಿಂದ ಕೊಠಡಿಗಳ ಹಂಚಿಕೆ ತರಗತಿಯ ಪ್ರಕಾರವಾಯಿತು. ದಾಖಲಾತಿ ಪುಸ್ತಕದ ಜಾತಿಯ ಕಾಲಂ ವಿದ್ಯಾರ್ಥಿವೇತನಕ್ಕೆ ಬೇಕಾದುದರಿಂದ ಕಚೇರಿಯ ಬೀರುವಿನಲ್ಲಿ ಉಳಿಯಿತು. ಅಡುಗೆಮನೆಗೂ ಕೊಠಡಿಗಳಿಗೂ ಅದು ಬರಕೂಡದೆಂದಾಯಿತು. ಈ ನಿಯಮ ಇಂದಿಗೂ ನಡೆದುಕೊಂಡು ಬಂದಿದೆ. ಆ ಕಾಲದ ನಿಲಯವಾಸಿಗಳಲ್ಲಿ ಇದನ್ನು ಓದುತ್ತಿರುವವರಿಗೆ, ಒಂದು ಬೇಸಿಗೆ ರಜೆ ಮುಗಿಸಿ ಬಂದಾಗ ಕೊಠಡಿ ಬದಲಾಗಿದ್ದ ಕಾರಣ ಈಗ ತಿಳಿದೀತು.

ನಮ್ಮ ಸಮಾಜವನ್ನು ಕುರಿತು ಹೊರಗಿನವರೂ ಒಳಗಿನವರೂ ಬರೆದುದನ್ನು ಆ ಮೇಲೆ ಹುಡುಕಿ ಓದತೊಡಗಿದೆವು. ಜರ್ಮನಿಯ ಮ್ಯಾಕ್ಸ್ ವೆಬರ್ ಭಾರತಕ್ಕೆ ಎಂದೂ ಬಂದವರಲ್ಲ. ಆದರೂ ಭಾರತದ ಧರ್ಮಗಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಜಾತಿಯನ್ನು ನಿರಾಕರಿಸಿ ಹುಟ್ಟಿದ ಪಂಥವೊಂದು ಕಾಲಾಂತರದಲ್ಲಿ ಮತ್ತೆ ಜಾತಿಯ ವ್ಯವಸ್ಥೆಯೊಳಗೇ ಸೆಳೆಯಲ್ಪಡುವುದಕ್ಕೆ ಲಿಂಗಾಯತರನ್ನು ನಿದರ್ಶನವಾಗಿ ಎತ್ತಿಕೊಂಡಿದ್ದಾರೆ. ಶ್ರೀನಿವಾಸರು 1956ರ ಒಂದು ಲೇಖನದಲ್ಲಿ, ಕರ್ನಾಟಕದ ಕೆಳಸ್ತರದ ಹಲವು ಜಾತಿಗಳ ಆಚಾರವಿಚಾರಗಳನ್ನು ಮಾರ್ಪಡಿಸಿದ ಪ್ರಬಲ ಶಕ್ತಿಯಾಗಿ ಈ ಆಂದೋಲನವನ್ನು ಗುರುತಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಪಾರ್ವತಮ್ಮನವರು 1972ರಲ್ಲಿ ವೀರಶೈವವನ್ನು ಕುರಿತ ಸಮಾಜಶಾಸ್ತ್ರೀಯ ಪ್ರಬಂಧಗಳನ್ನು ಗ್ರಂಥರೂಪದಲ್ಲಿ ಹೊರತಂದು, ಆದರ್ಶಕ್ಕೂ ಆಚರಣೆಗೂ ಇರುವ ಅಂತರವನ್ನು ನಿಷ್ಠುರವಾಗಿ ಮುಂದಿಟ್ಟರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿದ್ದು ಮುಂದೆ ಕೆನಡಾ ದೇಶದಲ್ಲಿ ಬೋಧಿಸಿದ ಕೆ. ಈಶ್ವರನ್ 1968ರಲ್ಲಿ ಶಿವಾಪುರವೆಂಬ ಹಳ್ಳಿಯ ಅಧ್ಯಯನವನ್ನೂ, 1983ರಲ್ಲಿ ಲಿಂಗಾಯತರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದರು. ಇವರ ನಿರ್ಣಯಗಳೆಲ್ಲವೂ ಒಂದೇ ತೆರನಲ್ಲ. ಕೆಲವನ್ನು ನಾವು ಒಪ್ಪುವುದೂ ಇಲ್ಲ. ಆದರೂ ಸ್ತುತಿಯನ್ನು ಮಾತ್ರ ಕೇಳಿ ಬೆಳೆದ ಕಿವಿಗೆ ಇಂತಹ ಓದು ಔಷಧವಿದ್ದಂತೆ.

ನಾವು ಎರಡನೆಯ ವರ್ಷದಲ್ಲಿದ್ದಾಗಲೇ ಈ ಶಾಸ್ತ್ರ ಪುಸ್ತಕದಿಂದ ಬೀದಿಗೆ ಇಳಿದಿತ್ತು. 1990ರ ಆಗಸ್ಟ್ 7ರಂದು ಪ್ರಧಾನಿ ವಿ.ಪಿ. ಸಿಂಗ್ ಅವರು ಮಂಡಲ್ ಆಯೋಗದ ಶಿಫಾರಸಿನಂತೆ ಕೇಂದ್ರದ ಉದ್ಯೋಗಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇಕಡ 27ರಷ್ಟು ಮೀಸಲಾತಿಯನ್ನು ಪ್ರಕಟಿಸಿದರು. ಉತ್ತರ ಭಾರತದಷ್ಟು ಉಗ್ರವಾಗಿ ಅಲ್ಲದಿದ್ದರೂ ವಾದವಿವಾದ ನಮ್ಮ ಪ್ರಸಾದ ನಿಲಯದ ಪಡಸಾಲೆಗೂ ಬಂದಿತು. ತರಗತಿಯಲ್ಲಿ ಆಗ ನಡೆಯುತ್ತಿದ್ದ ಪಾಠ ಶ್ರೀನಿವಾಸರ ‘ಪ್ರಬಲ ಜಾತಿ’ಯ ಪರಿಕಲ್ಪನೆ. ಸಂಖ್ಯೆ, ಭೂಮಿ, ರಾಜಕೀಯ ಬಲ ಇವುಗಳಿಂದ ಒಂದು ಜಾತಿ ಒಂದು ಪ್ರದೇಶದಲ್ಲಿ ಪ್ರಾಬಲ್ಯ ಪಡೆಯುವ ಬಗೆಯನ್ನು ಅವರು ರಾಂಪುರ ಎಂದು ಹೆಸರಿಟ್ಟ ಹಳ್ಳಿಯಲ್ಲಿ 1948ರಲ್ಲಿ ನೆಲೆಸಿ ಕಂಡುಕೊಂಡಿದ್ದರು. ಕರ್ನಾಟಕದಲ್ಲಿ ಒಕ್ಕಲಿಗರೂ ಲಿಂಗಾಯತರೂ ಇದಕ್ಕೆ ಉದಾಹರಣೆಯೆಂದು ಅಧ್ಯಾಪಕರು ಹೇಳಿದಾಗ, ನಮ್ಮ ನಿಲಯದ ಹುಡುಗನೊಬ್ಬ ಎದ್ದು ನಿಂತು, ‘ನಮ್ಮಪ್ಪನಿಗೆ ಎರಡೆಕರೆ ಖುಷ್ಕಿ ಇದೆ, ಮಠದ ಅನ್ನದಿಂದ ಓದುತ್ತಿದ್ದೇನೆ, ನಾನು ಪ್ರಬಲನೇ?’ ಎಂದು ಕೇಳಿದ. ಅವನ ಕಂಠ ನಡುಗುತ್ತಿತ್ತು. ಅಧ್ಯಾಪಕರು ಅವನನ್ನು ಗದರಿಸಲಿಲ್ಲ. ಗುಂಪಿನ ಸ್ಥಿತಿ ಬೇರೆ, ಗುಂಪಿನೊಳಗಿನ ವ್ಯಕ್ತಿಯ ಸ್ಥಿತಿ ಬೇರೆ. ನಿನ್ನ ಬಡತನ ನಿಜ, ಆದರೆ ನಿನಗೆ ಅನ್ನವಿಕ್ಕುವ ಮಠವೊಂದು ಇದೆಯಲ್ಲ, ಅಂತಹುದು ಇಲ್ಲದ ಹುಡುಗನೂ ನಿನ್ನ ಊರಿನಲ್ಲಿ ಇದ್ದಾನೆಯೇ ನೋಡು ಎಂದರು. ಆ ಉತ್ತರ ಅವನಿಗೆ ಸಮಾಧಾನ ನೀಡಿತೋ ಇಲ್ಲವೋ ಅರಿಯೆವು. ನಮಗಂತೂ ಮಠವೆಂಬುದು ಒಂದು ಸಾಮಾಜಿಕ ಬಲವೂ ಹೌದು, ಅದನ್ನು ಪಡೆದವರು ಪಡೆಯದವರ ಕಡೆ ನೋಡಲು ಬಾಧ್ಯರು ಎಂಬುದು ಅಂದು ಮನದಟ್ಟಾಯಿತು.

ಗುಂಪಿನ ಸ್ಥಿತಿ ಶಾಶ್ವತವಲ್ಲವೆಂಬುದಕ್ಕೂ ನಮ್ಮ ಸಮಾಜವೇ ಸಾಕ್ಷಿ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವೆಂದು ಎಣಿಸಿದಾಗ ವೀರಶೈವರೂ ಅದರಲ್ಲಿ ಸೇರಿದ್ದರು. 1975ರ ಹಾವನೂರು ಆಯೋಗದ ವರದಿಯು ಅವರನ್ನು ಸಮುದಾಯವಾಗಿ ಆ ಪಟ್ಟಿಗೆ ಸೇರಿಸಲಿಲ್ಲ. ಈ ಎರಡರ ನಡುವಣ ಅರ್ಧ ಶತಮಾನದಲ್ಲಿ ನಡೆದುದೇನು? ಊರೂರಿನ ಪ್ರಸಾದ ನಿಲಯಗಳು, 1910ರಲ್ಲಿ ಬಿಜಾಪುರದಲ್ಲಿಯೂ 1916ರಲ್ಲಿ ಬೆಳಗಾವಿಯಲ್ಲಿಯೂ ಹುಟ್ಟಿದ ವಿದ್ಯಾಸಂಸ್ಥೆಗಳು, ಭೂಮಿಯ ಬಲ, ರಾಜಕೀಯ ಅಧಿಕಾರ ಇವೆಲ್ಲ ಕೂಡಿ ಮಾಡಿದ ಕೆಲಸವದು. ಎರಡನೆಯ ವರದಿಯ ಬಗ್ಗೆ ಆಗ ಎದ್ದ ಅಸಮಾಧಾನವನ್ನು ಹಿರಿಯರು ಬಲ್ಲರು. ಅದರ ಸರಿತಪ್ಪುಗಳ ವಿಮರ್ಶೆ ಇಲ್ಲಿ ಬೇಡ. ದಾಸೋಹದ ಅನ್ನ ಒಂದು ಸಮಾಜದ ಹಣೆಬರಹವನ್ನು ಬದಲಿಸುವುದರಲ್ಲಿ ಪಾಲುಗೊಂಡಿತೆಂಬುದನ್ನು ಮಾತ್ರ ಹೆಮ್ಮೆಯಿಂದ, ಅಷ್ಟೇ ಹೊಣೆಯಿಂದ ನೆನೆಯಬೇಕು.

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ಭಕ್ತರು ಹಗಲಿರುಳು ನಮಗೆ ದೂರವಾಣಿ ಮಾಡಿದರು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿಯ ಕಾಲಂನಲ್ಲಿ ಏನು, ಉಪಜಾತಿಯಲ್ಲಿ ಏನು ಎಂಬುದೊಂದೇ ಪ್ರಶ್ನೆ. ಆ ನಮೂನೆಯಲ್ಲಿ 60 ಪ್ರಶ್ನೆಗಳಿದ್ದವು. ಜಮೀನು, ಮನೆ, ಸಾಲ, ಓದು, ಉದ್ಯೋಗ ಇವುಗಳನ್ನು ಕುರಿತು ಏನು ಹೇಳಬೇಕೆಂದು ಒಬ್ಬರೂ ಕೇಳಲಿಲ್ಲ. ಮೂರು ಕಾಲಂಗಳ ಬಗ್ಗೆ ಇಷ್ಟೊಂದು ತಳಮಳ, ಉಳಿದವುಗಳ ಬಗ್ಗೆ ಇಷ್ಟೊಂದು ಮೌನ! ನಿಮ್ಮ ಅಂತಃಕರಣ ಒಪ್ಪಿದುದನ್ನು ಆ ಮೂರರಲ್ಲಿ ಬರೆಸಿರಿ, ಉಳಿದವುಗಳಲ್ಲಿ ಸತ್ಯವನ್ನೇ ಬರೆಸಿರಿ, ಬಡವನ ಬಡತನ ತಿಳಿಯುವುದು ಅಲ್ಲಿಯೇ ಎಂದು ಎಲ್ಲರಿಗೂ ಹೇಳಿದೆವು. 2027ರ ಜನಗಣತಿಯಲ್ಲಿ, 1931ರ ನಂತರ ಮೊದಲ ಬಾರಿಗೆ, ಎಲ್ಲ ಜಾತಿಗಳನ್ನೂ ಎಣಿಸುವುದೆಂದು ಕೇಂದ್ರ ಸರ್ಕಾರ 2025ರಲ್ಲಿ ತೀರ್ಮಾನಿಸಿದೆ. ಅದಕ್ಕೂ ನಮ್ಮ ಮಾತು ಇದೇ.

ಹಾಗಾದರೆ ಸಮಾಜಶಾಸ್ತ್ರವೇ ಸರ್ವಸ್ವವೇ? ಅಲ್ಲ. ಲಿಂಗವನ್ನು ಧರಿಸಿದವರನ್ನು ಅದು ಎಣಿಸಬಲ್ಲುದು, ಲಿಂಗಾಂಗ ಸಾಮರಸ್ಯವನ್ನು ಅಳೆಯಲಾರದು. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕುಳಿತರೆಂದು ಬರೆದುಕೊಳ್ಳಬಲ್ಲುದು, ಪ್ರಸಾದವನ್ನು ಕಣ್ಣಿಗೊತ್ತಿಕೊಂಡವನ ಎದೆಯೊಳಗೆ ಆದುದೇನೆಂದು ಹೇಳಲಾರದು. ಇರುವುದನ್ನು ತೋರಿಸುವುದು ಆ ಶಾಸ್ತ್ರದ ಕೆಲಸ. ಇರಬೇಕಾದುದನ್ನು ತೋರಿಸುವುದು ಧರ್ಮದ ಕೆಲಸ. ಇರಬೇಕಾದುದನ್ನೇ ಇರುವುದೆಂದು ನಂಬಿದವನು, ಶರಣರು ಸಮತೆಯನ್ನು ಸಾರಿದರು, ಆದುದರಿಂದ ನಮ್ಮಲ್ಲಿ ಸಮತೆ ಇದೆ ಎಂದು ವೇದಿಕೆಯ ಮೇಲೆ ಭಾಷಣ ಮಾಡಿ ಮನೆಗೆ ಬಂದು ಬೇರೆ ಲೋಟವನ್ನು ತೆಗೆದಿಡುತ್ತಾನೆ. ಇರುವುದನ್ನೇ ಇರಬೇಕಾದುದೆಂದು ತಿಳಿದವನು, ಲೋಕವೇ ಹೀಗೆಂದು ಕೈಚೆಲ್ಲುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಾಲದ ಬೀದಿಯನ್ನು ಕಣ್ಣು ಬಿಟ್ಟು ನೋಡಿದವರು. ಮಡಿವಾಳನ, ಅಂಬಿಗನ, ಹಡಪದವನ ಬದುಕನ್ನು ಕಂಡೇ ಕಾಯಕ ತತ್ವವನ್ನು ಕಟ್ಟಿದರು. ಅವರ ಅನುಯಾಯಿಗಳಾದವರು ಕಣ್ಣು ಮುಚ್ಚಿಕೊಂಡು ನಡೆಯುವುದು ಯಾವ ನ್ಯಾಯ?

ಈ ವಿಷಯವನ್ನು ಆರಿಸಿಕೊಂಡಿರುವ ವಿದ್ಯಾರ್ಥಿಗಳಿಗೆ ಒಂದೆರಡು ಹಿತವಚನ. ಪರೀಕ್ಷೆಯ ಮುನ್ನಾ ದಿನ ದೊರೆಯುವ ಪ್ರಶ್ನೋತ್ತರ ಮಾಲಿಕೆಗಳಿಂದ ಪದವಿ ದೊರೆಯಬಹುದು, ವಿದ್ಯೆ ದೊರೆಯದು. ಶ್ರೀನಿವಾಸರು ರಾಂಪುರವನ್ನು ಕುರಿತು ವರ್ಷಗಟ್ಟಲೆ ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ಎದೆಗುಂದದೆ ನೆನಪಿನ ಬಲದಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಹಳ್ಳಿಯನ್ನು ಅವರು ಹಾಳೆಯಲ್ಲಿ ಮಾತ್ರವಲ್ಲದೆ ಮನಸ್ಸಿನಲ್ಲಿಯೂ ಬರೆದುಕೊಂಡಿದ್ದುದರಿಂದ ಅದು ಸಾಧ್ಯವಾಯಿತು. ನೀವೂ ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯನ್ನು ದಾಟಿ ಇನ್ನೊಂದು ಕೇರಿಗೆ ಹೋಗಿ ಕುಳಿತು ಬನ್ನಿರಿ. ನೀರು ಎಲ್ಲಿಂದ ಬರುತ್ತದೆ, ಮಕ್ಕಳು ಯಾವ ತರಗತಿಯಲ್ಲಿ ಶಾಲೆ ಬಿಟ್ಟರು, ಹೆಂಗಸರ ಕೂಲಿ ಎಷ್ಟು ಎಂದು ಕೇಳಿರಿ. ಇಂಗ್ಲಿಷ್ ಗ್ರಂಥಗಳನ್ನು ಓದಲು ಅಂಜಬೇಡಿರಿ, ಕನ್ನಡದಲ್ಲಿ ಬರೆಯಲು ನಾಚಬೇಡಿರಿ.

ತಂದೆತಾಯಿಗಳೂ ಚಿಂತಿಸಬೇಕಾಗಿಲ್ಲ. ಅಧ್ಯಾಪನ, ಸಮಾಜ ಕಾರ್ಯ, ಕಾರ್ಮಿಕ ಕಲ್ಯಾಣ, ಗ್ರಾಮಾಭಿವೃದ್ಧಿ ಮೊದಲಾದ ಕ್ಷೇತ್ರಗಳಿಗೆ ಈ ಓದು ದಾರಿಯಾಗುತ್ತದೆ. ಭಾರತೀಯ ಆಡಳಿತ ಸೇವೆಯ ಪರೀಕ್ಷೆಗೆ ಇದನ್ನು ಐಚ್ಛಿಕವಾಗಿ ಆರಿಸಿಕೊಳ್ಳುವವರು ಬಹಳ ಮಂದಿ. ಸಂಬಳದ ಲೆಕ್ಕದಲ್ಲಿ ಇತರ ವಿದ್ಯೆಗಳಿಗಿಂತ ಇದು ಹಿಂದೆ ಇರಬಹುದು, ಅದನ್ನು ಮರೆಮಾಚುವುದಿಲ್ಲ. ಆದರೆ ತನ್ನ ಮನೆಯನ್ನೂ ನೆರೆಮನೆಯನ್ನೂ ಒಂದೇ ಕಣ್ಣಿನಿಂದ ನೋಡಲು ಕಲಿತ ಮಗನೋ ಮಗಳೋ ಮನೆಯಲ್ಲಿರುವುದು ಸಣ್ಣ ಸಂಪತ್ತಲ್ಲ. ಮುಂದಿನ ವರ್ಷದಿಂದ ಶ್ರೀಮಠದ ಮರಿಗಳಲ್ಲಿ ಇಬ್ಬರನ್ನಾದರೂ ಈ ವಿಷಯದ ವ್ಯಾಸಂಗಕ್ಕೆ ಕಳುಹಿಸಬೇಕೆಂದು ಸಂಕಲ್ಪಿಸಿದ್ದೇವೆ. ಅವರು ತಮ್ಮ ಕಡೆಯ ವರ್ಷದ ಸಮೀಕ್ಷೆಗೆ ಮಠದ ಭಕ್ತರ ಹಳ್ಳಿಗಳಿಗೇ ಬರುವರು. ಆಗ ಕಂಬಳಿ ಹಾಸುವುದನ್ನು ಬಿಟ್ಟು, ಕೇಳಿದ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಹೇಳಿ ಕಳುಹಿಸಬೇಕೆಂದು ಭಕ್ತಾದಿಗಳಲ್ಲಿ ನಮ್ಮ ಆಶಯ. ಅದೂ ಒಂದು ಗುರುಸೇವೆಯೆಂದೇ ನಾವು ಸ್ವೀಕರಿಸುತ್ತೇವೆ.